ಮದುವೆ ಮನೆಯ ಪದ್ಯದ ಹಾಳೆ

ಹುಬ್ಬಳ್ಳಿ-ಧಾರವಾಡದ ಸಾಹಿತ್ಯ ಚರಿತ್ರೆ ಎಂದ ಕೂಡಲೇ ನೆನಪಾಗುವುದು ಸಂಘಗಳು, ಪತ್ರಿಕೆಗಳು ಮತ್ತು ಪುಸ್ತಕಗಳು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಅದು 1896ರಲ್ಲಿ ಆರಂಭಿಸಿದ ‘ವಾಗ್ಭೂಷಣ’, 1922ರ ‘ಜಯಕರ್ನಾಟಕ’, ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪು, 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ. ಈ ಸಾಲನ್ನು ಕನ್ನಡ ಎಂ.ಎ. ಓದಿದವರೆಲ್ಲ ಕಂಠಪಾಠ ಒಪ್ಪಿಸಬಲ್ಲರು. ಆದರೆ ಇದೇ ಅವಳಿ ನಗರಗಳ ಓಣಿ ಓಣಿಗಳಲ್ಲಿದ್ದ ಸಣ್ಣ ಮುದ್ರಣಾಲಯಗಳು ಹೊಟ್ಟೆ ಹೊರೆದದ್ದು ಕವನ ಸಂಕಲನಗಳಿಂದಲ್ಲ. ಅವರ ಭಾಷೆಯಲ್ಲೇ ಹೇಳುವುದಾದರೆ ‘ಜಾಬ್ ವರ್ಕ್’ನಿಂದ. ರಸೀದಿ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್, ಮದುವೆಯ ಕರೆಯೋಲೆ, ನಿವೃತ್ತರಾದ ಮಾಸ್ತರರಿಗೆ ಕೊಡುವ ಮಾನಪತ್ರ. ಈ ಚಿಲ್ಲರೆ ಕೆಲಸದ ರಾಶಿಯಲ್ಲೇ ಕವಿತೆಯೂ ಇತ್ತು. ಒಂದೇ ಹಾಳೆಯ ಕವಿತೆ, ಒಂದೇ ದಿನಕ್ಕೆಂದು ಬರೆದದ್ದು, ಸುತ್ತ ಹೂವಿನ ಅಂಚು, ಮೇಲೆ ಒಂದು ಚಿತ್ರ, ಕೆಳಗೆ ಮುದ್ರಕರ ಹೆಸರು. ಊಟದ ಪಂಕ್ತಿ ಏಳುವುದರೊಳಗೆ ಅದರ ಆಯುಷ್ಯ ಮುಗಿಯುತ್ತಿತ್ತು.

ಇಂತಹ ಹಾಳೆಗಳಲ್ಲಿ ನಮಗೆ ಮೊದಲು ಹೇಳಬೇಕೆನಿಸುವುದು ಸೆಹರಾ ಬಗ್ಗೆ. ಸೆಹರಾ ಎಂದರೆ ಮದುಮಗನ ಹಣೆಗೆ ಕಟ್ಟಿ ಮುಖದ ಮೇಲೆ ಇಳಿಬಿಡುವ ಹೂವಿನ ಸರ. ನಮ್ಮ ಕಡೆಯ ಬಾಸಿಂಗದ ಹತ್ತಿರದ ಸಂಬಂಧಿ ಅನ್ನಬಹುದು. ಆ ಸರವನ್ನು ಕಟ್ಟುವ ಹೊತ್ತಿಗೆ ಹಾಡುವ ಅಥವಾ ಓದುವ ಪದ್ಯಕ್ಕೂ ಅದೇ ಹೆಸರು. ಗಜಲಿನ ಅಚ್ಚಿನಲ್ಲಿ ಎರಕ ಹೊಯ್ದ ಈ ಪದ್ಯದ ದ್ವಿಪದಿಗಳು ಸಾಮಾನ್ಯವಾಗಿ ‘ಸೆಹರಾ’ ಎಂಬ ಪದದಲ್ಲೇ ಮುಗಿಯುತ್ತವೆ. ಮದುಮಗನ ಅಂದ, ತಂದೆಯ ಹೆಮ್ಮೆ, ಅಣ್ಣತಮ್ಮಂದಿರ ಸಂಭ್ರಮ, ಗೆಳೆಯರ ಹಾರೈಕೆ ಎಲ್ಲವೂ ಹೆಸರು ಸಹಿತ ಅದರೊಳಗೆ ಬರಬೇಕು. ಕೊನೆಯ ದ್ವಿಪದಿಯಲ್ಲಿ ಕವಿಯ ಕಾವ್ಯನಾಮವೂ ಬರಬೇಕು. ನಿಕಾಹ್ ಮುಗಿದ ಮೇಲೆ ಒಳ್ಳೆಯ ಕಂಠದವರೊಬ್ಬರು ಎದ್ದು ನಿಂತು ಅದನ್ನು ಓದುವುದು, ಅಚ್ಚಾದ ಪ್ರತಿಗಳನ್ನು ಬಂದವರ ಕೈಗೆ ಹಂಚುವುದು ಪದ್ಧತಿ. ಮಗಳನ್ನು ಕಳಿಸಿಕೊಡುವ ಮನೆಯವರು ‘ರುಖ್ಸತಿ’ಯನ್ನು ಬರೆಸುತ್ತಿದ್ದರು. ಅದರ ರಾಗವೇ ಬೇರೆ, ಕೇಳಿದವರ ಕಣ್ಣು ಒದ್ದೆಯಾಗಬೇಕು.

ಇದು ಹಾದಿಬೀದಿಯ ಪದ್ಯ ಎಂದು ಮೂಗು ಮುರಿಯುವವರು 1852ರ ದಿಲ್ಲಿಯನ್ನು ನೆನೆಯಬೇಕು. ಬಹಾದುರ್ ಶಾ ಜಫರನ ಮಗ ಮಿರ್ಜಾ ಜವಾನ್ ಬಖ್ತ್‌ನ ಮದುವೆಗೆ ಗಾಲಿಬ್ ಒಂದು ಸೆಹರಾ ಬರೆದರು. ಅದರ ಕೊನೆಯಲ್ಲಿ ಇಂಥ ಸೆಹರಾ ಬೇರೆ ಯಾರಾದರೂ ಬರೆಯಲಿ ನೋಡೋಣ ಎಂಬ ಧಾಟಿಯಿತ್ತು. ಬಾದಶಹನ ಕಾವ್ಯಗುರು ಜೌಕ್ ಅವರನ್ನು ಚುಚ್ಚಿದ್ದು ಎಂದು ಆಸ್ಥಾನ ಅರ್ಥ ಮಾಡಿಕೊಂಡಿತು. ಜೌಕ್ ಅದೇ ಪ್ರಾಸದಲ್ಲಿ ಉತ್ತರದ ಸೆಹರಾ ಬರೆದರು. ಆಸ್ಥಾನದ ಗಾಯಕಿಯರ ಬಾಯಿಂದ ಅದು ಸಂಜೆಯೊಳಗೆ ಗಲ್ಲಿ ಗಲ್ಲಿಗೆ ಹರಡಿತು, ಮರುದಿನವೇ ಪತ್ರಿಕೆಗಳಲ್ಲಿ ಅಚ್ಚಾಯಿತು ಎಂದು ಮುಹಮ್ಮದ್ ಹುಸೇನ್ ಆಜಾದ್ 1880ರ ‘ಆಬ್-ಎ-ಹಯಾತ್’ನಲ್ಲಿ ದಾಖಲಿಸಿದ್ದಾರೆ. ಗಾಲಿಬ್ ಕ್ಷಮೆ ಕೋರುವ ಇನ್ನೊಂದು ಪದ್ಯ ಬರೆಯಬೇಕಾಯಿತು. ಐದೇ ವರ್ಷಗಳಲ್ಲಿ ಆ ಆಸ್ಥಾನವೇ ಇಲ್ಲವಾಯಿತು. ಮದುಮಗ ಅಪ್ಪನ ಜೊತೆ ರಂಗೂನಿಗೆ ಗಡೀಪಾರಾದ. ಉಳಿದದ್ದು ಮೂರು ಪದ್ಯಗಳು.

ದಿಲ್ಲಿಯ ಈ ಕಥೆಯಲ್ಲಿ ಅಚ್ಚಿನ ಮಾತು ಬಂದದ್ದು ಸುಮ್ಮನೆ ಅಲ್ಲ. ಉರ್ದುವಿನ ನಸ್ತಾಲೀಖ್ ಬರಹ ಮೇಲಿನಿಂದ ಕೆಳಗೆ ಓರೆಯಾಗಿ ಇಳಿಯುತ್ತದೆ. ಒಂದೊಂದು ಅಕ್ಷರವೂ ಪಕ್ಕದ ಅಕ್ಷರವನ್ನು ನೋಡಿ ರೂಪ ಬದಲಿಸುತ್ತದೆ. ಸೀಸದ ಮೊಳೆಗಳಲ್ಲಿ ಅದನ್ನು ಹಿಡಿಯುವುದು ಬಹು ಕಷ್ಟ. ಹಾಗಾಗಿ ಉರ್ದು ಮುದ್ರಣ ನಂಬಿಕೊಂಡದ್ದು ಕಲ್ಲಚ್ಚನ್ನು. ಕಾತಿಬರು ವಿಶೇಷ ಮಸಿಯಿಂದ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಕಲ್ಲಿಗಿಳಿಸಿ, ಕಲ್ಲಿನಿಂದ ಮತ್ತೆ ಕಾಗದಕ್ಕೆ ಒತ್ತುವ ವಿಧಾನ. 1858ರಲ್ಲಿ ಆರಂಭವಾದ ಲಖನೌದ ನವಲ್ ಕಿಶೋರ್ ಪ್ರೆಸ್ ಈ ಕಲ್ಲಚ್ಚಿನಿಂದಲೇ ಲೋಕಪ್ರಸಿದ್ಧವಾಯಿತು. ಕನ್ನಡಕ್ಕೂ ಕಲ್ಲಚ್ಚು ಅಪರಿಚಿತವಲ್ಲ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ತೆರೆದದ್ದು ಕಲ್ಲಚ್ಚಿನ ಮುದ್ರಣಾಲಯ. 1843ರ ‘ಮಂಗಳೂರ ಸಮಾಚಾರ’ ಬೆಳಕು ಕಂಡದ್ದೂ ಕಲ್ಲಿನ ಮೇಲೆಯೇ. ಮುಂದೆ ಕನ್ನಡಕ್ಕೆ ಒಳ್ಳೆಯ ಮೊಳೆಗಳು ಬಂದವು, ಕನ್ನಡ ಕಲ್ಲನ್ನು ಬಿಟ್ಟಿತು. ಉರ್ದು ಮಾತ್ರ ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಕಾತಿಬರ ಕೈಯಲ್ಲೇ ಉಳಿಯಿತು.

ಇದರಿಂದ ಆದ ಲಾಭವೆಂದರೆ, ಸೆಹರಾ ಹಾಳೆ ಎಂಬುದು ಅಚ್ಚಾಗಿದ್ದರೂ ಒಬ್ಬ ಮನುಷ್ಯನ ಕೈಬರಹ. ಕಾತಿಬರಿಗೆ ಮೊಳೆಯ ಕಟ್ಟುಪಾಡಿಲ್ಲ. ಪದ್ಯವನ್ನು ಚಂದ್ರನ ಆಕಾರದಲ್ಲಿ ಬಾಗಿಸಿ ಬರೆಯಬಹುದು, ಮದುಮಗನ ಹೆಸರನ್ನು ಹೂದಾನಿಯಂತೆ ಅರಳಿಸಬಹುದು, ಬಿಸ್ಮಿಲ್ಲಾವನ್ನು ಹಕ್ಕಿಯಾಗಿ ಕೂರಿಸಬಹುದು. ಹಸಿರು, ಗುಲಾಬಿ, ಹಳದಿ ಬಣ್ಣದ ತೆಳು ಕಾಗದ. ಹಣವಂತರಾದರೆ ಬಂಗಾರದ ಮಸಿ. ಗುಲಾಬಿಯ ಬಳ್ಳಿ, ಚಾಂದ್-ತಾರಾ, ಹಸ್ತಲಾಘವ ಮಾಡುವ ಎರಡು ಕೈಗಳು, ಕೊಕ್ಕಿನಲ್ಲಿ ಪತ್ರ ಕಚ್ಚಿದ ಪಾರಿವಾಳ ಅಂಚಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಕಲಾವಿಮರ್ಶಕರು ಇವನ್ನು ನೋಡಿದರೆ ನಕ್ಕಾರು. ನಮಗೆ ಇವು ಇಷ್ಟ.

ಪದ್ಯದೊಳಗಿನ ಆಟಗಳಂತೂ ಇನ್ನೂ ಸೊಗಸು. ಸಾಲುಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಗೆ ಜೋಡಿಸಿದರೆ ಮದುಮಗನ ಹೆಸರಾಗುವಂತೆ ಬರೆಯುವುದೊಂದು ಆಟ. ಇದಕ್ಕೆ ‘ತೌಶೀಹ್’ ಎನ್ನುತ್ತಾರೆ. ಇನ್ನೊಂದು ‘ತಾರೀಖ್’. ಅರಬಿ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯುಂಟು; ಒಂದು ನುಡಿಗಟ್ಟಿನ ಅಕ್ಷರಗಳ ಸಂಖ್ಯೆಯನ್ನೆಲ್ಲ ಕೂಡಿದರೆ ಆ ಘಟನೆಯ ಇಸವಿ ಬರಬೇಕು. ಬಿಸ್ಮಿಲ್ಲಾದ ಬದಲು 786 ಎಂದು ಬರೆಯುವುದು ಇದೇ ಲೆಕ್ಕದಿಂದ ಬಂದದ್ದು. ಮೀರ್ ಅಮ್ಮನರ ಗದ್ಯಕೃತಿ ‘ಬಾಗ್-ಒ-ಬಹಾರ್’ನ ಹೆಸರಿನ ಅಕ್ಷರಗಳನ್ನು ಕೂಡಿದರೆ ಹಿಜರಿ 1217, ಅಂದರೆ 1802-03 ಬರುತ್ತದೆ. ನುರಿತ ಕವಿ ಮದುವೆಯ ಇಸವಿಯನ್ನೂ ಹೀಗೆಯೇ ಕೊನೆಯ ಸಾಲಿನಲ್ಲಿ ಅಡಗಿಸಿಡುತ್ತಾನೆ. ಅಕ್ಷರದಿಂದ ಅಂಕಿ ತೆಗೆಯುವ ಕಟಪಯಾದಿ ಲೆಕ್ಕವಿದ್ದ ನಾಡು ನಮ್ಮದು. ಪದ್ಯವನ್ನು ಕಮಲ, ಚಕ್ರ, ಖಡ್ಗಗಳ ಆಕಾರದಲ್ಲಿ ಹೆಣೆಯುವ ಚಿತ್ರಕಾವ್ಯವೂ ನಮ್ಮಲ್ಲಿತ್ತು. ಧಾರವಾಡದ ಬೇಂದ್ರೆಯಜ್ಜನಿಗೆ ಸಂಖ್ಯೆಗಳ ಹುಚ್ಚು ಎಷ್ಟಿತ್ತೆಂಬುದು ಎಲ್ಲರಿಗೂ ಗೊತ್ತು. ಸಾಧನಕೇರಿಯ ಕವಿಗೂ ಹಳೇ ಹುಬ್ಬಳ್ಳಿಯ ಮದುವೆ ಮನೆಯ ಶಾಯರನಿಗೂ ಕೂತು ಮಾತಾಡಲು ಇಷ್ಟು ಸಾಕಾಗಿತ್ತು.

ಪಕ್ಕದ ಓಣಿಯಲ್ಲಿ ನಡೆಯುತ್ತಿದ್ದುದೂ ಬೇರೆಯಲ್ಲ. ಮರಾಠಿ ಪ್ರಭಾವವಿದ್ದ ಮುಂಬಯಿ ಪ್ರಾಂತದ ಈ ಜಿಲ್ಲೆಗಳ ಬ್ರಾಹ್ಮಣ ಮನೆಗಳ ಮದುವೆಯಲ್ಲಿ ಅಂತರಪಟ ಹಿಡಿದಾಗ ಮಂಗಲಾಷ್ಟಕ ಹೇಳುತ್ತಾರೆ. ಸಂಸ್ಕೃತದ ಸಾಂಪ್ರದಾಯಿಕ ಅಷ್ಟಕ ಮುಗಿದ ಮೇಲೆ ಬಂಧುಗಳಲ್ಲಿ ಪದ್ಯ ಕಟ್ಟಬಲ್ಲವರು ತಾವೇ ರಚಿಸಿದ ಕನ್ನಡ ಅಥವಾ ಮರಾಠಿ ಅಷ್ಟಕವನ್ನು ಹಾಡುವುದು, ಅದನ್ನು ಮೊದಲೇ ಅಚ್ಚು ಹಾಕಿಸಿ ಹಂಚುವುದು ರೂಢಿಯಾಯಿತು. ಛಂದಸ್ಸು ಹೆಚ್ಚಾಗಿ ಶಾರ್ದೂಲವಿಕ್ರೀಡಿತ. ಪಾದಕ್ಕೆ ಹತ್ತೊಂಬತ್ತು ಅಕ್ಷರ. ಆ ಹತ್ತೊಂಬತ್ತರೊಳಗೆ ಸೋದರಮಾವನ ಹೆಸರನ್ನೂ ಅತ್ತೆಯ ತವರೂರನ್ನೂ ತುರುಕಬೇಕು, ಗಣ ಕೆಡಬಾರದು, ಯಾರ ಹೆಸರೂ ಬಿಟ್ಟುಹೋಗಬಾರದು. ಬಿಟ್ಟುಹೋದರೆ ಆಗುವ ಮುನಿಸು ಗಣಭಂಗಕ್ಕಿಂತ ದೊಡ್ಡದು! ಸೆಹರಾ ಬರೆಯುವವನ ಕಷ್ಟವೂ ಇದೇ. ಒಂದೇ ಪೇಟೆಯ ಎರಡು ಓಣಿಗಳಲ್ಲಿ ಎರಡು ಭಾಷೆಗಳ ಕವಿಗಳು ಒಂದೇ ಇಕ್ಕಟ್ಟಿನಲ್ಲಿ ಸಿಕ್ಕಿ ಒದ್ದಾಡುತ್ತಿದ್ದರು. ಲಿಂಗಾಯತರ, ಮರಾಠರ ಮನೆಗಳಲ್ಲಿ ಆಶೀರ್ವಾದ ಪದ್ಯ, ಬಿನ್ನವತ್ತಳೆಗಳಿದ್ದವು. ಬಿನ್ನವತ್ತಳೆಗೆ ಚೌಕಟ್ಟು ಹಾಕಿ ಪಡಸಾಲೆಯ ಗೋಡೆಗೆ ತೂಗು ಹಾಕುವುದರಿಂದ ಅದು ಇತರ ಹಾಳೆಗಳಿಗಿಂತ ಹೆಚ್ಚು ಕಾಲ ಬದುಕಿತು.

ಚಿತ್ರದ ಜೊತೆ ಪದ್ಯವನ್ನು ಕೂರಿಸುವ ಹವ್ಯಾಸ ಈ ನಾಡಿಗೆ ಅಚ್ಚಿನ ಯಂತ್ರದ ಜೊತೆ ಬಂದದ್ದಲ್ಲ. ಧಾರವಾಡವನ್ನೂ ಆಳಿದ ವಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ 1590ರ ಸುಮಾರಿಗೆ ಹಸನ್ ಮಂಜೂ ಖಲ್ಜಿ ಎಂಬ ಕವಿ ‘ಪೇಮ್ ನೇಮ್’ ಎಂಬ ದಖನಿ ಪ್ರೇಮಕಾವ್ಯ ಬರೆದ. ಅದರ ಚಿತ್ರಿತ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ವಿರಹಿ ನಾಯಕನನ್ನು ಚಿತ್ರಿಸುವಾಗ ಚಿತ್ರಕಾರ ಅವನ ಎದೆಯ ಮೇಲೆ ಪ್ರೇಯಸಿಯ ಮುಖವನ್ನೇ ಬರೆದುಬಿಟ್ಟಿದ್ದಾನೆ. ಪುಟದಿಂದ ಪುಟಕ್ಕೆ ನಾಯಕ ಎಲ್ಲಿ ಹೋದರೂ ಎದೆಯ ಮೇಲಿನ ಆ ಮುಖವೂ ಜೊತೆಗೆ ಹೋಗುತ್ತದೆ. ‘ಎದೆಯಲ್ಲಿ ಇಟ್ಟುಕೊಳ್ಳುವುದು’ ಎಂಬ ಮಾತನ್ನು ಇಷ್ಟು ಅಕ್ಷರಶಃ ನಂಬಿದ ಚಿತ್ರಕಾರನ ಮುಂದೆ, ಇಂದಿನ ಕರೆಯೋಲೆಯ ಬಾಣ ಚುಚ್ಚಿದ ಹೃದಯ ಏನೂ ಅಲ್ಲ. ಆಸ್ಥಾನದ ಹೊರಗೆ, ಅದೇ ವಿಜಾಪುರದ ಸೂಫಿಗಳು ಬೀಸುವ ಕಲ್ಲಿಗೆ ‘ಚಕ್ಕೀನಾಮಾ’, ನೂಲುವ ರಾಟೆಗೆ ‘ಚರ್ಖಾನಾಮಾ’, ಮದುವೆಗೆ ‘ಶಾದಿನಾಮಾ’ ಕಟ್ಟಿ ಹೆಂಗಸರ ಬಾಯಿಗೆ ಕೊಟ್ಟರು. ಸಂದರ್ಭಕ್ಕೊಂದು ಪದ್ಯ ಎಂಬ ಸಂಗತಿಯ ಬೇರು ಇಲ್ಲಿದೆ.

ಇನ್ನು ಹೊರಗಿನ ಲೋಕದತ್ತ ಒಂದು ನೋಟ. ಬೇಂದ್ರೆ ತಮ್ಮ ಮೇಲೆ ಪ್ರಭಾವ ಬೀರಿದ ನಾಲ್ವರಲ್ಲಿ ಅರವಿಂದ, ಟಾಗೋರ್, ಖಲೀಲ್ ಗಿಬ್ರಾನರ ಜೊತೆಗೆ ಐರಿಶ್ ಕವಿ ಎ.ಇ. ಅವರನ್ನೂ ಹೆಸರಿಸುತ್ತಿದ್ದರು. ಈ ಎ.ಇ. ಅಂದರೆ ಜಾರ್ಜ್ ರಸೆಲ್, ಡಬ್ಲಿನ್ನಿನ ಕವಿ ಮತ್ತು ಚಿತ್ರಕಾರ. ಅವರ ಪದ್ಯಗಳ ಒಂದು ಪುಟ್ಟ ಸಂಕಲನವನ್ನು 1903ರಲ್ಲಿ ಡಬ್ಲಿನ್ ಬಳಿಯ ಡನ್ ಎಮರ್ ಪ್ರೆಸ್ ಎಂಬ ಕೈಮುದ್ರಣಾಲಯ ಹೊರತಂದಿತು. ಕವಿ ಯೇಟ್ಸರ ತಂಗಿ ಎಲಿಜಬೆತ್ ಅದನ್ನು ನಡೆಸುತ್ತಿದ್ದರು. ಅಲ್ಲಿ ಮೊಳೆ ಜೋಡಿಸುವವರೂ ಹೆಣ್ಣುಮಕ್ಕಳೇ. 1908ರಲ್ಲಿ ಅದು ಕುವಾಲಾ ಪ್ರೆಸ್ ಎಂದು ಹೆಸರು ಬದಲಿಸಿ ‘ಎ ಬ್ರಾಡ್‌ಸೈಡ್’ ಎಂಬ ಬಿಡಿ ಹಾಳೆಯನ್ನು ತಿಂಗಳಿಗೊಂದರಂತೆ ಹೊರಡಿಸತೊಡಗಿತು. ಒಂದೆರಡು ಪದ್ಯ, ಜ್ಯಾಕ್ ಯೇಟ್ಸರ ಚಿತ್ರ, ಕೈಯಿಂದ ಹಚ್ಚಿದ ಬಣ್ಣ, ಮುನ್ನೂರೇ ಪ್ರತಿ. 1915ರವರೆಗೆ 84 ಸಂಚಿಕೆ ಬಂದವು. 1927ರಿಂದ ಲಂಡನ್ನಿನ ಫೇಬರ್ ಸಂಸ್ಥೆ ‘ಏರಿಯಲ್’ ಹೆಸರಿನಲ್ಲಿ ಒಂದೊಂದೇ ಕವಿತೆಯ ಚಿತ್ರಿತ ಪುಸ್ತಿಕೆಗಳನ್ನು ಹಬ್ಬದ ಉಡುಗೊರೆಯಾಗಿ ಮಾರಿತು. ಎಲಿಯಟ್ ಕೂಡ ಅದಕ್ಕೆ ಬರೆದರು. ಇಂದು ಇವುಗಳನ್ನು ಸಂಗ್ರಾಹಕರು ದೊಡ್ಡ ಬೆಲೆಗೆ ಕೊಳ್ಳುತ್ತಾರೆ, ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ.

ಆ ಡಬ್ಲಿನ್ನಿನ ಹಾಳೆ ಧಾರವಾಡಕ್ಕೆ ಬಂದಿತ್ತೆಂದು ನಾವು ಹೇಳುತ್ತಿಲ್ಲ. (ಧಾರವಾಡದ ಕಡೆಯ ಸ್ವತ್ತು ಡಬ್ಲಿನ್ನಿಗೆ ಹೋಗಿರುವುದು ನಿಜ: 1570ರಲ್ಲಿ ವಿಜಾಪುರದಲ್ಲಿ ಸಿದ್ಧವಾದ ಚಿತ್ರಿತ ‘ನುಜೂಮುಲ್ ಉಲೂಮ್’ ಅಲ್ಲಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.) ನಾವು ಹೇಳುವುದು ಇಷ್ಟೆ: ಅಲ್ಲಿ ಕಲೆಯೆನಿಸಿದ್ದು ಇಲ್ಲಿ ರದ್ದಿಯೆನಿಸಿತು. ಅವರ ಹಾಳೆ ಮುನ್ನೂರು ಗಿರಾಕಿಗಳಿಗಾಗಿ ತಯಾರಾದದ್ದು. ನಮ್ಮ ಹಾಳೆಗೆ ಗಿರಾಕಿಯೇ ಇಲ್ಲ, ಇರುವುದು ಅತಿಥಿಗಳು ಮಾತ್ರ. ಉಚಿತವಾಗಿ ಹಂಚಿದ್ದಕ್ಕೆ ಬೆಲೆ ಕಟ್ಟುವ ಅಭ್ಯಾಸ ನಮಗಿಲ್ಲ.

ಬೆಲೆ ಇದ್ದ ಹಾಳೆಗಳೂ ಇದ್ದವು ಅನ್ನಿ. ಹುಬ್ಬಳ್ಳಿ, ಗದಗುಗಳು ಕಂಪನಿ ನಾಟಕದ ತವರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಿಂದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದವರೆಗೆ ಎಷ್ಟೋ ಕಂಪನಿಗಳು ಇಲ್ಲಿ ಕ್ಯಾಂಪು ಹಾಕಿದವು. ಥಿಯೇಟರಿನ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಹಾಡುಗಳು, ಕಥಾಸಾರ, ಮುಖ್ಯ ನಟನಟಿಯರ ಭಾವಚಿತ್ರದ ಬ್ಲಾಕು, ಹಿಂಬದಿಯಲ್ಲಿ ಸ್ಥಳೀಯ ಅಂಗಡಿಯ ಜಾಹೀರಾತು. ಬೆಲೆ ಆಣೆಗಳಲ್ಲಿ. 1934ರ ‘ಸತಿ ಸುಲೋಚನಾ’ದಿಂದ ಕನ್ನಡದಲ್ಲಿ ಟಾಕಿ ಬಂದ ಮೇಲೆ ಸಿನಿಮಾದ ಹಾಡಿನ ಪುಸ್ತಕಗಳು ಇದೇ ಪದ್ಧತಿಯನ್ನು ಮುಂದುವರಿಸಿದವು. ಬೀಳಗಿಯಿಂದ ಹೊರಟ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ ಎಂಬ ಅಕ್ಕತಂಗಿಯರು ರಂಗಭೂಮಿಯಿಂದ ಮುಂಬಯಿ ಸಿನಿಮಾದವರೆಗೆ ಹೋದವರು. 1943ರ ‘ಕಿಸ್ಮತ್’ನಲ್ಲಿ ಅಮೀರ್‌ಬಾಯಿ ಹಾಡಿದ್ದನ್ನು ದೇಶವೇ ಕೇಳಿತು. ಅಂಥವರ ಬದುಕಿನ ಚರಿತ್ರೆ ಬರೆಯ ಹೊರಟವರಿಗೆ ಸರಕಾರಿ ದಾಖಲೆಗಳಿಗಿಂತ ಇಂಥ ಹಾಡಿನ ಪುಸ್ತಕ, ಹ್ಯಾಂಡ್‌ಬಿಲ್ಲುಗಳೇ ಹೆಚ್ಚು ಹೇಳುತ್ತವೆ. ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿ, ಯಾವ ಪಾತ್ರದಲ್ಲಿ ಎಂಬುದು ಅಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು?

ಜಾತ್ರೆಗಳಲ್ಲಿ ಮಾರುವ ಪದಗಳ ಪುಸ್ತಿಕೆಗಳದು ಇನ್ನೊಂದು ಲೋಕ. ಗದಗಿನ ಶಾಬಾದಿಮಠ ಬುಕ್ ಡಿಪೋದಂಥ ಪ್ರಕಾಶಕರು ತತ್ವಪದ, ಲಾವಣಿ, ಸಣ್ಣಾಟ, ಕಂಪನಿ ನಾಟಕಗಳನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿ ಹಳ್ಳಿ ಹಳ್ಳಿಗೆ ಮುಟ್ಟಿಸಿದರು. ಶಿಶುನಾಳದ ಷರೀಫರು (1819-1889) ಬದುಕಿದ್ದಾಗ ಗ್ರಂಥಕರ್ತರೆನಿಸಿಕೊಳ್ಳಲಿಲ್ಲ. ಅವರ ಪದಗಳು ಭಜನೆಯವರ ಬಾಯಲ್ಲಿ ಉಳಿದು, ಆಮೇಲೆ ಇಂಥ ಪುಸ್ತಿಕೆಗಳಲ್ಲಿ ಕೂತವು. ವಿಶ್ವವಿದ್ಯಾಲಯಗಳು ಷರೀಫರನ್ನು ಗುರುತಿಸುವ ಮೊದಲೇ ಜಾತ್ರೆಯ ಅಂಗಡಿಗಳು ಗುರುತಿಸಿದ್ದವು. ಗುರು ಗೋವಿಂದ ಭಟ್ಟರೂ ಶಿಷ್ಯ ಷರೀಫರೂ ಜೊತೆಯಾಗಿ ಕೂತ ಆ ಚಿತ್ರವನ್ನು ನೆನಪಿಸಿಕೊಳ್ಳಿ. ಅದು ನಮ್ಮ ಕಣ್ಣಿಗೆ ಕಟ್ಟಿರುವುದರಲ್ಲಿ ಈ ಅಗ್ಗದ ಮುಖಪುಟಗಳ ಪಾಲು ದೊಡ್ಡದು. ಬ್ರೆಜಿಲ್ ದೇಶದಲ್ಲಿ ಹಗ್ಗದ ಮೇಲೆ ನೇತುಹಾಕಿ ಮಾರುವ ‘ಕೊರ್ದೆಲ್’ ಎಂಬ ಪದ್ಯದ ಪುಸ್ತಿಕೆಗಳಿವೆ, ಮುಖಪುಟಕ್ಕೆ ಮರದಚ್ಚಿನ ಚಿತ್ರ. 2018ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿತು. ನಮ್ಮ ಲಾವಣಿ ಪುಸ್ತಿಕೆಯ ಯೋಗ್ಯತೆ ಅದಕ್ಕಿಂತ ಏನೂ ಕಡಿಮೆಯಿಲ್ಲ.

ಮೊಹರಂನ ರಿವಾಯತ್ ಪದಗಳನ್ನು ಇಲ್ಲಿ ಬಿಡುವಂತಿಲ್ಲ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ, ಉತ್ತರ ಕರ್ನಾಟಕದ ಆಡುನುಡಿಯಲ್ಲಿ, ಹೆಜ್ಜೆ ಹಾಕುತ್ತ ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಕೊನೆಯ ನುಡಿಯಲ್ಲಿ ಊರಿನ ಹೆಸರು, ಉಸ್ತಾದರ ಹೆಸರು ಬರುತ್ತದೆ. ಷರೀಫರೂ ರಿವಾಯತ್ ಬರೆದವರೇ. ಇವು ಹೆಚ್ಚಾಗಿ ಕೈಬರಹದ ವಹಿಗಳಲ್ಲಿ ಉಳಿದವು, ಅಲ್ಪಸ್ವಲ್ಪ ಪುಸ್ತಿಕೆಗಳಾದವು. ಒಂದು ಮೇಳದ ವಹಿ ಇನ್ನೊಂದು ಮೇಳದವರ ಕೈಗೆ ಸಿಗಬಾರದೆಂಬ ಹಟ ಬೇರೆ. ಸವಾಲಿನ ಪದಕ್ಕೆ ಎದುರಾಳಿ ಜವಾಬು ಸಿದ್ಧಮಾಡಿಕೊಂಡು ಬಿಟ್ಟರೆ? ಆ ಹಟವೇ ಎಷ್ಟೋ ಪದಗಳನ್ನು ಹಾಡುಗಾರನ ಜೊತೆ ಮಣ್ಣು ಮಾಡಿದೆ.

ಇಂಥ ಹಾಳೆಗಳನ್ನು ಕೂಡಿಡಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಕಾಲನಿರ್ಣಯ. ಮದುವೆಯ ಹಾಳೆಯಲ್ಲಿ ತಿಥಿ, ವಾರ ಇರುತ್ತದೆ, ಇಸವಿ ಇರುವುದಿಲ್ಲ. ಆಗ ಹಾಳೆಯ ಅಡಿಯನ್ನು ನೋಡಬೇಕು. 1867ರ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕದ ಮೇಲೂ ಇತರ ಕಾಗದಗಳ ಮೇಲೂ ಮುದ್ರಕನ ಹೆಸರು, ಮುದ್ರಣದ ಸ್ಥಳ ಇರಬೇಕಿತ್ತು. ಬ್ರಿಟಿಷರು ಇದನ್ನು ತಂದದ್ದು ಅಚ್ಚಿನ ಮೇಲೆ ಕಣ್ಣಿಡಲು. ಅದೇ ಇಂದು ನಮಗೆ ಉಪಕಾರವಾಗಿದೆ. ಈ ಕಾಯ್ದೆ ತೀರಾ ಇತ್ತೀಚಿನವರೆಗೂ ಜಾರಿಯಲ್ಲಿತ್ತು. 2023ರ ಹೊಸ ಕಾಯ್ದೆ ಅದರ ಜಾಗಕ್ಕೆ ಬಂತು. ಬೆಲೆ ಆಣೆಯಲ್ಲಿದ್ದರೆ ಹಾಳೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ಅಂದು ನಯಾ ಪೈಸೆ ಬಂತು. ವಿಳಾಸದಲ್ಲಿ ‘ಮುಂಬಯಿ ರಾಜ್ಯ’ ಎಂದಿದ್ದರೆ ಏಕೀಕರಣಕ್ಕೆ ಮೊದಲಿನದು, ‘ಮೈಸೂರು ರಾಜ್ಯ’ ಎಂದಿದ್ದರೆ 1956 ಮತ್ತು 1973ರ ನಡುವಿನದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಗದಗ, ಹಾವೇರಿಗಳನ್ನು ‘ಜಿಲ್ಲಾ ಧಾರವಾಡ’ ಎಂದು ಬರೆದಿದ್ದರೆ 1997ಕ್ಕೆ ಹಿಂದಿನದು. ಕಾಗದವೂ ಮಾತಾಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಮೇಲೆ ನಿಯಂತ್ರಣವಿತ್ತು. ಆ ಕಾಲದ ಮದುವೆಯ ಹಾಳೆಗಳು ಗೇಣುದ್ದವಾದರೆ ಆಶ್ಚರ್ಯವಿಲ್ಲ. ಕಾಗದ ತಯಾರಿಕೆಯೂ ಒಂದು ಕಾಲಕ್ಕೆ ದಖನಿನ ಮುಸ್ಲಿಮರ ಕಸುಬು. ದೌಲತಾಬಾದಿನ ಹತ್ತಿರ ಕಾಗಜೀಪುರ ಎಂಬ ಊರೇ ಇದೆ.

ಈ ಹಾಳೆಗಳು ಗ್ರಂಥಾಲಯ ಸೇರಲಿಲ್ಲ ಏಕೆ? 1954ರ ಕಾಯ್ದೆಯಂತೆ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಪುಸ್ತಿಕೆ, ನಕಾಶೆಗಳಿಗೂ ಅದು ಅನ್ವಯ. ಮದುವೆಯ ಪದ್ಯ ಅದರ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಪ್ರಕಾಶಕನೂ ಇಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಕರಾಗಿದ್ದ ಜಾನ್ ಜಾನ್ಸನ್ ಎಂಬುವರು ಕಳೆದ ಶತಮಾನದ ಮೊದಲರ್ಧದಲ್ಲಿ ಇಂಥದೇ ಕಾಗದಗಳನ್ನು ಒಟ್ಟುಮಾಡಿದರು. ಟಿಕೆಟು, ಚೀಟಿ, ಬೀದಿಹಾಡು, ಶುಭಾಶಯ ಪತ್ರ, ಹೀಗೆ ಹತ್ತು ಲಕ್ಷಕ್ಕೂ ಮೀರಿದ ಆ ರಾಶಿ ಇಂದು ಬಾಡ್ಲಿಯನ್ ಗ್ರಂಥಾಲಯದ ಹೆಮ್ಮೆ. ನಮ್ಮ ಕಡೆ ಹೀಗೆ ಮಾಡಿದವರಿಲ್ಲವೆಂದಲ್ಲ. ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕೂತು ಬರೆದುಕೊಂಡ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಆ ಕೆಲಸದಲ್ಲಿ ಪಿ. ಧೂಲಾಸಾಹೇಬರೂ ಇದ್ದರು. ಬಾಯಲ್ಲಿದ್ದ ಹಾಡನ್ನು ಪುಸ್ತಕಕ್ಕೆ ತಂದ ನಾವು, ಆಗಲೇ ಕಾಗದದಲ್ಲಿದ್ದ ಪದ್ಯವನ್ನು ಉಳಿಸಿಕೊಳ್ಳಲಿಲ್ಲ.

ಸೆಹರಾ ಹಾಳೆ ಮರೆಯಾದದ್ದಕ್ಕೆ ಎರಡು ಕಾರಣಗಳು ಎದ್ದು ಕಾಣುತ್ತವೆ. ಒಂದು, ತಂತ್ರಜ್ಞಾನ. ಶಿವಕಾಶಿಯ ಬಣ್ಣದ ಕಾರ್ಡುಗಳು ರಾಶಿ ರಾಶಿಯಾಗಿ ಬಂದವು. ಸ್ಥಳೀಯ ಮುದ್ರಕನಿಗೆ ಉಳಿದದ್ದು ಹೆಸರು ತುಂಬುವ ಕೆಲಸ. 1981ರಲ್ಲಿ ನೂರಿ ನಸ್ತಾಲೀಖ್ ಬಂದು, 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಕಾತಿಬರಿಗೆ ಕೆಲಸವಿಲ್ಲದಾಯಿತು. ಇನ್ನೊಂದು, ನಮ್ಮೊಳಗಿನದು. ಮದುವೆ ಸರಳವಾಗಬೇಕು, ದುಂದು ನಿಲ್ಲಬೇಕು ಎಂಬ ಸುಧಾರಕರ ಮಾತು ನ್ಯಾಯವಾದದ್ದೇ. ಆದರೆ ಆ ಮಾತಿಗೆ ಮೊದಲು ಬಲಿಯಾದದ್ದು ಯಾವುದು ನೋಡಿ. ಹೂವಿನ ಸೆಹರಾ ಹೋಯಿತು, ಅದರ ಹಿಂದೆಯೇ ಕೆಲವೇ ರೂಪಾಯಿಯ ಪದ್ಯದ ಹಾಳೆಯೂ ಹೋಯಿತು. ವರದಕ್ಷಿಣೆ ಹೋಗಲಿಲ್ಲ. ದೊಡ್ಡ ಹಾಲು, ನೂರಾರು ತಟ್ಟೆ ಬಿರಿಯಾನಿ, ವಿಡಿಯೋ ಯಾವುದೂ ಹೋಗಲಿಲ್ಲ. ಬಡ ಶಾಯರನ ಪದ್ಯವನ್ನು ದುಂದುವೆಚ್ಚದ ಪಟ್ಟಿಯಲ್ಲಿ ಮೊದಲು ಸೇರಿಸಿದವರ ಲೆಕ್ಕ ನಮಗೆ ಅರ್ಥವಾಗುವುದಿಲ್ಲ.

ಹಾಗೆಂದು ಹಳೆಯ ಹಾಳೆಗಳನ್ನು ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. ಅವುಗಳಲ್ಲಿ ಇಲ್ಲದ್ದನ್ನೂ ನೋಡಬೇಕು. ಸೆಹರಾದಲ್ಲಿ ಮದುಮಗನ ಹೆಸರು ಹೂವಾಗಿ ಅರಳುತ್ತದೆ, ಅಪ್ಪ, ಅಣ್ಣ, ಚಿಕ್ಕಪ್ಪ, ಮಾವ ಸಾಲಾಗಿ ಬರುತ್ತಾರೆ. ಮದುಮಗಳ ಹೆಸರು ಬಹಳ ಸಲ ಇರುವುದೇ ಇಲ್ಲ. ಹಳೆಯ ಉರ್ದು ಕರೆಯೋಲೆಗಳಲ್ಲಿ ಆಕೆ ‘ದುಖ್ತರ್-ಎ-ನೇಕ್ ಅಖ್ತರ್’, ಅಂದರೆ ಇಂಥವರ ಭಾಗ್ಯಶಾಲಿ ಮಗಳು, ಅಷ್ಟೆ. ತಾಯಿಯ ಹೆಸರಂತೂ ದೂರದ ಮಾತು. ಅರಿಸಿನ ಹಚ್ಚುವಾಗ, ಮೆಹಂದಿ ಇಡುವಾಗ ಹೆಂಗಸರು ದಖನಿಯಲ್ಲಿ ಹಾಡಿದ, ಬೀಗರನ್ನು ಬೈದು ನಗಿಸಿದ ಹಾಡುಗಳು ಯಾವ ಮುದ್ರಣಾಲಯದ ಬಾಗಿಲನ್ನೂ ತಟ್ಟಲಿಲ್ಲ. ಅಚ್ಚಾದದ್ದು ಗಂಡಸರ ಪಡಸಾಲೆ, ಒಳಮನೆ ಅಚ್ಚಾಗಲಿಲ್ಲ. ಮಂಗಲಾಷ್ಟಕದಲ್ಲಿ ವಧುವಿನ ಹೆಸರಿರುತ್ತದೆ. ಅದೂ ಎಷ್ಟೋ ಮನೆಗಳಲ್ಲಿ ಮದುವೆಯಾದೊಡನೆ ಬದಲಾಗಲಿರುವ ಹೆಸರು.

ಈಗ ಸ್ಕ್ಯಾನ್ ಮಾಡುವ ಕಾಲ. 2013ರಲ್ಲಿ ಆರಂಭವಾದ ರೇಖ್ತಾ ತಾಣ ಉರ್ದು ಪುಸ್ತಕಗಳನ್ನು ಅಪಾರವಾಗಿ ಗಣಕಕ್ಕೆ ಏರಿಸಿದೆ. ಕನ್ನಡದ ಹಳೆಯ ಪುಸ್ತಕಗಳನ್ನೂ ಉತ್ಸಾಹಿಗಳು ಅಂತರ್ಜಾಲಕ್ಕೆ ಏರಿಸುತ್ತಿದ್ದಾರೆ. ಬಿಡಿ ಹಾಳೆಗಳಿಗೆ ಮನೆಯವರೇ ಗ್ರಂಥಪಾಲಕರಾಗಬೇಕು. ಕಷ್ಟದ ಕೆಲಸವೇನಲ್ಲ. ಲ್ಯಾಮಿನೇಷನ್ ಮಾಡಿಸಬೇಡಿ, ಆ ಪ್ಲಾಸ್ಟಿಕ್ಕಿನಿಂದ ಕಾಗದವನ್ನು ಮತ್ತೆ ಬಿಡಿಸಲಾಗದು. ಸೆಲೋಟೇಪು ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗುತ್ತದೆ. ಮಡಿಕೆ ಬಿಡಿಸಿ, ದಪ್ಪ ಪುಸ್ತಕದ ನಡುವೆ ಸಪಾಟಾಗಿಟ್ಟು, ಬಿಸಿಲು ಮತ್ತು ಥಂಡಿ ತಾಗದ ಕಡೆ ಇಡಿ. ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಅಡಿಯಲ್ಲಿರುವ ಮುದ್ರಕರ ಹೆಸರು ಕತ್ತರಿಸಿ ಹೋಗದಂತೆ. ಉರ್ದು ಓದಲು ಬಾರದ ಮಕ್ಕಳು ಇರುವ ಮನೆಗಳಲ್ಲಿ ಓದಬಲ್ಲ ಹಿರಿಯರು ಇನ್ನೂ ಇದ್ದರೆ, ಅವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಆಮೇಲೆ ಹಾಳೆಯ ಹಿಂಬದಿಗೆ, ಪೆನ್ನಿನಿಂದಲ್ಲ, ಮೆತ್ತಗಿನ ಪೆನ್ಸಿಲಿನಿಂದ ಆ ಮದುಮಗಳ ಹೆಸರನ್ನೂ ಆಕೆಯ ತಾಯಿಯ ಹೆಸರನ್ನೂ ಕೇಳಿ ಬರೆದಿಡಿ.